ಆಸ್ಪತ್ರೆಯಲ್ಲಿದ್ದಾಗ ಕೋರ್ಟಿನಲ್ಲಿ ಹೆಸರು ಕೂಗಿದರೆ

ಪ್ರಶ್ನೆ: ಮೇಡಂ, ನಮ್ಮ ಯಜಮಾನರ ಮೇಲೆ ಅವರ ಅಣ್ಣ ಪಾಲಿನ ದಾವೆ ಹಾಕಿದ್ದಾರೆ. ಇವರು ಸ್ವಂತ ದುಡ್ಡಿನಲ್ಲಿ ಕೊಂಡ 2 ಎಕರೆ 10 ಗುಂಟೆ ತೆಂಗಿನ ತೋಟವನ್ನೂ ಪಿತ್ರಾರ್ಜಿತ ಅಂತ ಸೇರಿಸಿದ್ದಾರೆ. ಸಮನ್ಸ್ ಬಂದಾಗ ಇವರೇ ಸಹಿ ಹಾಕಿ ತೆಗೆದುಕೊಂಡರು. ವಾಯಿದೆಗೆ ನಾಲ್ಕು ದಿನ ಇರುವಾಗ ಲಕ್ವ ಹೊಡೆಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ 23 ದಿನ ಇದ್ದೆವು. ವಕೀಲರನ್ನು ಇಟ್ಟೇ ಇರಲಿಲ್ಲ. ಎಕ್ಸ್‌ಪಾರ್ಟಿ ಡಿಕ್ರಿ (ನಾವು ಹಾಜರಿಲ್ಲದೆ ಆದ ತೀರ್ಪು) ಆಗಿ ಎರಡು ತಿಂಗಳಾಯಿತಂತೆ. ಭಾವನವರು ಊರಲ್ಲಿ ಹೇಳಿಕೊಂಡು ತಿರುಗಿದ ಮೇಲೆ, ಹದಿನೈದು ದಿನದ ಹಿಂದೆ ನಮಗೆ ಗೊತ್ತಾಯಿತು. ಇವರಿಗೆ ಬಲಗೈ ಇನ್ನೂ ಎದ್ದಿಲ್ಲ, ಮಾತು ತೊದಲು. ಪೊಲೀಸರು ಬರುತ್ತಾರೆಯೇ? ತೋಟ ಹೋಯಿತೇ?
— ಹೆಸರು ಬೇಡ, ತಿಪಟೂರು ತಾಲ್ಲೂಕು

ಉತ್ತರ: ಪೊಲೀಸರು ಬರುವುದಿಲ್ಲ ತಾಯಿ. ಇದು ಸಿವಿಲ್ ದಾವೆ. ತೋಟವೂ ನಾಳೆಯೇ ಹೋಗುವುದಿಲ್ಲ. ಪಾಲಿನ ದಾವೆಯಲ್ಲಿ ಮೊದಲು ಆಗುವುದು ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಪಾಲು ಅನ್ನುವುದಷ್ಟೇ. ಆಮೇಲೆ ಕೋರ್ಟ್ ನೇಮಿಸಿದ ಕಮಿಷನರ್ ಬಂದು, ಅಳೆದು, ನಕ್ಷೆ ಮಾಡಿ, ಅಂತಿಮ ಡಿಕ್ರಿ ಆಗಬೇಕು. ಹಾಗಂತ ನಿಧಾನ ಮಾಡುವ ಹಾಗಿಲ್ಲ. ನೀವು ಆಗಲೇ ತಡವಾಗಿದ್ದೀರಿ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮದಲ್ಲಿ ಇಂಥ ಡಿಕ್ರಿಯನ್ನು ತೆಗೆಸಿಹಾಕಲು ಅರ್ಜಿ ಕೊಡಬಹುದು. ಕಾರಣ ಎರಡೇ: ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ, ಇಲ್ಲವೇ ಬರಲಾಗದಷ್ಟು ಬಲವಾದ ಕಾರಣ ಇತ್ತು. ಯಾರಾದರೂ ನಿಮಗೆ ‘ಸಮನ್ಸೇ ಮುಟ್ಟಿಲ್ಲ ಅಂತ ಹಾಕಿಬಿಡಿ’ ಎಂದು ಹೇಳಿಕೊಡುತ್ತಾರೆ. ಕೇಳಬೇಡಿ. ನಿಮ್ಮ ಯಜಮಾನರ ಸಹಿ ಇರುವ ಸಮನ್ಸ್ ನಕಲು, ಅದನ್ನು ತಂದುಕೊಟ್ಟ ಕೋರ್ಟ್ ಅಮೀನರ ವರದಿಯ ಜೊತೆ ಕಡತದಲ್ಲೇ ಇದೆ. ಆ ಒಂದು ಸುಳ್ಳು ನಿಜವಾದ ಲಕ್ವವನ್ನೂ ಸುಳ್ಳು ಮಾಡಿಬಿಡುತ್ತದೆ.

ಈ ಅರ್ಜಿಗೆ ಡಿಕ್ರಿಯ ದಿನದಿಂದ 30 ದಿನ ಗಡುವು. ಸಮನ್ಸ್ ಮುಟ್ಟದವರಿಗೆ ಮಾತ್ರ ಗೊತ್ತಾದ ದಿನದಿಂದ ಲೆಕ್ಕ. ಅದು ನಿಮಗೆ ಸಿಗದು. ಆದ್ದರಿಂದ ಕಾಲಮಿತಿ ಕಾಯ್ದೆಯ 5ನೇ ಕಲಂನಲ್ಲಿ ವಿಳಂಬ ಮನ್ನಿಸಿ ಎಂಬ ಅರ್ಜಿಯನ್ನೂ ಜೊತೆಗೇ ಹಾಕಬೇಕು. ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟ್ ಎಲ್ಲರಿಗೂ ಗಡುವು ಸಡಿಲಿಸಿತ್ತಲ್ಲ ಎಂದು ಕೆಲವರು ಈಗಲೂ ಬರೆಯುತ್ತಾರೆ. ಅದು 28-2-2022ಕ್ಕೆ ಮುಗಿಯಿತು.

ನಿಮ್ಮ ಕೇಸಿನಲ್ಲಿ ಪೆಟ್ಟು ಬೀಳುವ ಜಾಗ ಆ 23 ದಿನ ಅಲ್ಲ. ಅಷ್ಟಕ್ಕೆ ಡಿಸ್ಚಾರ್ಜ್ ಸಮರಿ ಸಾಕು. ‘ಮನೆಗೆ ಬಂದ ಮೇಲೆ ಇಷ್ಟು ತಿಂಗಳು ಏನು ಮಾಡುತ್ತಿದ್ದಿರಿ? ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ?’ ಎಂದು ಎದುರು ವಕೀಲರು ಕೇಳುತ್ತಾರೆ. ಅದಕ್ಕೆ ಅಫಿಡವಿಟ್‌ನಲ್ಲೇ ಉತ್ತರ ಇರಲಿ. ದಿನವೂ ಎತ್ತಿ ಕೂರಿಸಿ ಉಣ್ಣಿಸುತ್ತಿದ್ದವರು ನೀವೇ ಎಂದಾದರೆ, ವಾಯಿದೆ ಯಾವತ್ತು ಎಂದು ಅವರು ಬಾಯಿಬಿಟ್ಟು ಹೇಳಲಾಗದೆ ನಿಮಗೆ ತಿಳಿಯಲಿಲ್ಲ ಎಂದಾದರೆ, ಹಾಗೆಯೇ ಬರೆಸಿ. ಫಿಸಿಯೋಥೆರಪಿಯವರ ಚೀಟಿ, ಔಷಧಿ ಅಂಗಡಿಯ ಬಿಲ್ಲು, ಆಂಬುಲೆನ್ಸ್ ರಸೀದಿ, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ. ಔಷಧಿ ಬಿಲ್ಲಿನ ನುಣುಪು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಇವತ್ತೇ ಜೆರಾಕ್ಸ್ ಮಾಡಿಸಿ.

ವೈದ್ಯರ ಸರ್ಟಿಫಿಕೇಟಿನ ಬಗ್ಗೆ ಒಂದು ಮಾತು. ನಾನು ಜೂನಿಯರ್ ಆಗಿದ್ದಾಗ ನಮ್ಮ ಸೀನಿಯರ್ ಬಳಿ ಬಂದ ಕಕ್ಷಿದಾರರೊಬ್ಬರು ಕಾಮಾಲೆ, 15 ದಿನ ಸಂಪೂರ್ಣ ವಿಶ್ರಾಂತಿ ಎಂಬ ಚೀಟಿ ತಂದಿದ್ದರು. ಪಾಟಿ ಸವಾಲಿನಲ್ಲಿ ಎದುರಿನವರು ಸೊಸೈಟಿಯ ಗೊಬ್ಬರದ ರಸೀದಿ ಹೊರತೆಗೆದರು. ಹಾಸಿಗೆ ಹಿಡಿದಿದ್ದ ಒಂಬತ್ತನೇ ದಿನ ಆರು ಮೂಟೆ ಯೂರಿಯಾ ತಂದದ್ದಕ್ಕೆ ಅವರದೇ ಸಹಿ! ಕಾಮಾಲೆ ನಿಜವಾಗಿಯೂ ಬಂದಿತ್ತು. ಆದರೆ ಏಳೆಂಟು ದಿನಕ್ಕೆ ಎದ್ದು ಓಡಾಡುತ್ತಿದ್ದರು. ಇರಲಿ ಎಂದು ಹೆಚ್ಚು ದಿನ ಬರೆಸಿಕೊಂಡಿದ್ದರು. ಅರ್ಜಿ ವಜಾ ಆಯಿತು. ನಮ್ಮ ಸೀನಿಯರ್ ಮೂರು ದಿನ ನನ್ನ ಜೊತೆಯೂ ಮಾತಾಡಲಿಲ್ಲ, ಸಹಿ ಮಾಡಿಸಿದವಳು ನಾನು ಎಂಬ ಸಿಟ್ಟಿಗೆ.

ಇನ್ನು ಯಜಮಾನರ ಸ್ಥಿತಿ. ಬುದ್ಧಿ ಚುರುಕಾಗಿದ್ದು ಕೈ, ಮಾತು ಮಾತ್ರ ಸೋತಿದ್ದರೆ ಎಡಗೈ ಹೆಬ್ಬೆಟ್ಟಿನಿಂದಲೇ ವಕಾಲತ್ತು ಕೊಡಬಹುದು. ನಿಮ್ಮ ಹೆಸರಿಗೆ ಜಿಪಿಎ (ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ನೋಂದಾಯಿಸಬೇಕೆಂದರೆ ಸಬ್ ರಿಜಿಸ್ಟ್ರಾರರೇ ಮನೆಗೆ ಬರಲು ಕಾನೂನಿನಲ್ಲಿ ಅವಕಾಶವಿದೆ, ಅರ್ಜಿ ಕೊಡಿ. ಮುಂದೆ ಸಾಕ್ಷಿ ಹೇಳುವಾಗಲೂ ಕಮಿಷನರ್ ಮಂಚದ ಪಕ್ಕ ಕುಳಿತು ಬರೆದುಕೊಳ್ಳಬಹುದು. ಇಷ್ಟಕ್ಕೆ ವೈದ್ಯರ ಸರ್ಟಿಫಿಕೇಟ್ ಸಾಕು, ವೈದ್ಯರನ್ನು ಕೋರ್ಟಿಗೆ ಕರೆಸಲೇಬೇಕೆಂದಿಲ್ಲ. ವ್ಯವಹಾರ ತಿಳಿಯದಷ್ಟು ಮೆದುಳಿಗೇ ಪೆಟ್ಟಾಗಿದ್ದರೆ ದಾರಿ ಬೇರೆ: 32ನೇ ಆದೇಶದಲ್ಲಿ ನಿಮ್ಮನ್ನು ಅವರ ಪರ ಪೋಷಕರಾಗಿ ನೇಮಿಸುವಂತೆ ಕೋರ್ಟನ್ನು ಕೇಳಬೇಕು. ಇದನ್ನು ವಕೀಲರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ‘ಚೆನ್ನಾಗೇ ಇದಾರೆ’ ಎಂದು ಮರ್ಯಾದೆಗೆ ಹೇಳಿ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಸೋಮವಾರವೇ ಆರ್ಡರ್ ಶೀಟ್ ಮತ್ತು ಡಿಕ್ರಿಯ ದೃಢೀಕೃತ ನಕಲಿಗೆ ಹಾಕಿ. ಅಂತಿಮ ಡಿಕ್ರಿ ನಡೆಯದಂತೆ ತಡೆ ಕೇಳಿ. ತೋಟದ ಕ್ರಯಪತ್ರ ಹುಡುಕಿಟ್ಟುಕೊಳ್ಳಿ, ತಕರಾರು (ದಾವೆಗೆ ನಿಮ್ಮ ಲಿಖಿತ ಉತ್ತರ) ಬರೆಯಲು ಅದೇ ಜೀವಾಳ. ಭಾವನವರಿಗೂ ನೋಟಿಸ್ ಹೋಗುತ್ತದೆ; ಖರ್ಚು ಕೊಡಿ ಎಂದು ಕೋರ್ಟ್ ಷರತ್ತು ಹಾಕಿದರೆ ಹೊತ್ತಿಗೆ ಸರಿಯಾಗಿ ಕಟ್ಟಿ. ಮೇಲ್ಮನವಿಯ ದಾರಿಯೂ ಇದೆ. ಆದರೆ ಮೇಲ್ಮನವಿ ಮೊದಲು ತೀರ್ಮಾನವಾಗಿಬಿಟ್ಟರೆ 13ನೇ ನಿಯಮದ ಈ ಬಾಗಿಲು ಮುಚ್ಚುತ್ತದೆ. ಅದಕ್ಕೇ ಮೊದಲು ಇದನ್ನು ಹಿಡಿಯಿರಿ ಎನ್ನುತ್ತೇನೆ.

ಪ್ರಶ್ನೆ: ತಮ್ಮನ ಮೇಲೆ ಬೈಕ್ ಅಪಘಾತದ ಕ್ರಿಮಿನಲ್ ಕೇಸಿದೆ, ಜಾಮೀನಿನಲ್ಲಿದ್ದಾನೆ. ಡೆಂಗಿ ಬಂದು ವಾಯಿದೆ ತಪ್ಪಿತು, ಎನ್‌ಬಿಡಬ್ಲ್ಯೂ (ಜಾಮೀನುರಹಿತ ವಾರಂಟ್) ಆಗಿದೆ. ಹೊಸ ಕಾನೂನಿನಲ್ಲಿ ಆರೋಪಿ ಇಲ್ಲದೆಯೇ ಶಿಕ್ಷೆ ಕೊಡುತ್ತಾರಂತೆ, ನಿಜವೇ?
— ಓದುಗ, ದಾವಣಗೆರೆ

ಉತ್ತರ: ಅರ್ಧ ನಿಜ. 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಕಲಂ ಅಂಥ ವಿಚಾರಣೆಗೆ ಅವಕಾಶ ಕೊಟ್ಟಿದೆ. ಆದರೆ ಅದು ತಲೆಮರೆಸಿಕೊಂಡು ‘ಘೋಷಿತ ಅಪರಾಧಿ’ ಎನಿಸಿಕೊಂಡವರಿಗೆ. ಹಾಗೆ ಘೋಷಿಸಲು ಅಪರಾಧಕ್ಕೆ 10 ವರ್ಷ ಅಥವಾ ಹೆಚ್ಚಿನ ಶಿಕ್ಷೆ ಇರಬೇಕು. ಆಮೇಲೂ ದೋಷಾರೋಪ ಹೊರಿಸಿ 90 ದಿನ ಕಾಯಬೇಕು, ಎರಡು ವಾರಂಟ್ ಹೊರಡಿಸಬೇಕು, ಪತ್ರಿಕೆಯಲ್ಲಿ ಪ್ರಕಟಿಸಬೇಕು. ನಿಮ್ಮ ತಮ್ಮ ಮಲಗಿದ್ದು ಮನೆಯಲ್ಲಿ, ಓಡಿಹೋದದ್ದಲ್ಲ.

ಅವರ ತಲೆನೋವು ವಾರಂಟು. ಪೊಲೀಸರು ಹುಡುಕಿಕೊಂಡು ಬರುವ ಮೊದಲೇ ವಕೀಲರ ಜೊತೆ ಹೋಗಿ ಹಾಜರಾಗಿ ವಾರಂಟ್ ರದ್ದತಿಗೆ ಅರ್ಜಿ ಹಾಕಲಿ. ಜಾಮೀನುದಾರರನ್ನೂ ಕರೆದುಕೊಂಡು ಹೋಗಲಿ, ಹೊಸ ಬಾಂಡ್ ಕೇಳಬಹುದು. ಮುಂದೆ ಜ್ವರ ಬಂದರೆ ಅದೇ ಬೆಳಿಗ್ಗೆ ವಕೀಲರಿಗೆ ಫೋನ್ ಮಾಡಲಿ: 355ನೇ ಕಲಂನಲ್ಲಿ ಆ ದಿನದ ಮಟ್ಟಿಗೆ ಹಾಜರಿ ವಿನಾಯಿತಿ ಕೇಳುತ್ತಾರೆ. ಕೋರ್ಟ್ ಒಪ್ಪಿದರೆ ವಿಡಿಯೊ ಮೂಲಕ ಹಾಜರಾದರೂ ನಡೆಯುತ್ತದೆ. ಅಂದಹಾಗೆ, ರದ್ದತಿ ಅರ್ಜಿಯ ಜೊತೆ ಪ್ಲೇಟ್‌ಲೆಟ್ ಎಣಿಕೆಯ ಲ್ಯಾಬ್ ರಿಪೋರ್ಟ್ ಇಡಲಿ. ಬರೀ ‘ಜ್ವರ’ ಎಂದು ಬರೆದ ಚೀಟಿಗಳನ್ನು ಮ್ಯಾಜಿಸ್ಟ್ರೇಟರು ದಿನಾ ನೋಡುತ್ತಿರುತ್ತಾರೆ.