ಮುಗಿಸಿದ ಗೇಮನ್ನೇ ಮತ್ತೆ ಆಡುವುದು ಸಮಯ ವ್ಯರ್ಥವೇ?

ಕೊಂಡಿಟ್ಟ ಹೊಸ ಗೇಮ್‌ಗಳೇ ಸಾಲುಗಟ್ಟಿ ಕಾಯುತ್ತಿರುವಾಗ ಒಮ್ಮೆ ಮುಗಿಸಿದ್ದನ್ನೇ ಮತ್ತೆ ಆಡುವುದು ವ್ಯರ್ಥವಲ್ಲವೇ, ಆಡುವುದಾದರೆ ಹಳೆಯದು ಒಳ್ಳೆಯದೋ ಇತ್ತೀಚಿನದೋ ಅಂತ ಕೇಳಿದ್ದೀರಿ.

ಖಂಡಿತ ವ್ಯರ್ಥವಲ್ಲ. ಒಂದು ಗೇಮ್ ನಿಜವಾಗಿ ಎಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತಾಗುವುದೇ ಎರಡನೇ ಸಲ ಆಡಿದಾಗ. ಮೊದಲ ಸಲ ಮುಂದೇನು ಅನ್ನುವ ಕುತೂಹಲವೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ಸಾಧಾರಣ ಗೇಮ್ ಕೂಡ ಆ ಬಲದಲ್ಲಿ ಪಾಸಾಗಿಬಿಡುತ್ತದೆ. ಎರಡನೇ ಸಲ ಆ ಕುತೂಹಲ ಇರುವುದಿಲ್ಲ. ಆಗಲೂ ಕೈ ಕಂಟ್ರೋಲರ್ ಬಿಡದಿದ್ದರೆ ಆ ಗೇಮಿನಲ್ಲಿ ಸತ್ವ ಇದೆ.

ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಗೇಮ್ ಆಡಿ ಬೆಳೆದವರಿಗೆ ಮತ್ತೆ ಮತ್ತೆ ಆಡುವುದೇ ಆಟವಾಗಿತ್ತು. ಸೂಪರ್ ಮಾರಿಯೋದಲ್ಲಿ ಸೇವ್ ಇರಲಿಲ್ಲ, ಕರೆಂಟ್ ಹೋದರೆ ಮತ್ತೆ ಮೊದಲ ಲೆವೆಲ್. 1985ರ ಆ ಗೇಮ್ ಇಡಿಯಾಗಿ ಹಿಡಿಸಿದ್ದು ಬರೀ 40 ಕಿಲೋಬೈಟ್‌ನಲ್ಲಿ. ಅದರಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಅಷ್ಟು ಇಕ್ಕಟ್ಟಿನಲ್ಲಿ ಉದ್ದದ ಗೇಮ್ ಮಾಡಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಒಂದೊಂದು ಜಿಗಿತವನ್ನೂ ನೂರು ಸಲ ಆಡಿದರೂ ಹಳಸದ ಹಾಗೆ ಮಾಡಬೇಕಿತ್ತು, ಮಾಡಿದರು.

ಹಳೆಯದರಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು 1989ರ ಪ್ರಿನ್ಸ್ ಆಫ್ ಪರ್ಷಿಯಾ. ಜೋರ್ಡನ್ ಮೆಕ್ನರ್ ಅದನ್ನು ಆಪಲ್ ಟೂ ಕಂಪ್ಯೂಟರಿಗೆ ಮಾಡಿದ್ದು. ನಮ್ಮಲ್ಲಿ ಬಹಳ ಜನ ನೋಡಿದ್ದು ಡಾಸ್ ಕಂಪ್ಯೂಟರಿನಲ್ಲಿ. 12 ಲೆವೆಲ್, 60 ನಿಮಿಷ. ಸತ್ತರೆ ಲೆವೆಲ್ ಮೊದಲಿಂದ ಶುರುವಾಗುತ್ತದೆ, ಗಡಿಯಾರ ಮಾತ್ರ ಹಿಂದೆ ಹೋಗುವುದಿಲ್ಲ. ಹೀಗಾಗಿ ದಾರಿ ಗೊತ್ತಿಲ್ಲದವರು ಒಂದು ಗಂಟೆಯೊಳಗೆ ರಾಜಕುಮಾರಿಯನ್ನು ತಲುಪುವುದು ಹೆಚ್ಚುಕಡಿಮೆ ಅಸಾಧ್ಯ. ಕತ್ತಿ ಎಲ್ಲಿ ಬಿದ್ದಿದೆ, ಯಾವ ಹಾಸುಗಲ್ಲು ಕಾಲಿಟ್ಟರೆ ಕುಸಿಯುತ್ತದೆ, ಯಾವ ಶೀಷೆಯಲ್ಲಿರುವುದು ವಿಷ, ಇದೆಲ್ಲ ಸತ್ತು ಸತ್ತೇ ಕಲಿಯಬೇಕು. ಮತ್ತೆ ಆಡದೆ ಮುಗಿಯದ ಹಾಗೇ ಅದನ್ನು ಕಟ್ಟಿದ್ದಾರೆ.

ಆದರೆ ನಾನು ಇವತ್ತಿಗೂ ಅದನ್ನು ಆಡುವುದು ಆ ಗಡಿಯಾರಕ್ಕಾಗಿ ಅಲ್ಲ, ನೆರಳಿಗಾಗಿ. ನಾಲ್ಕನೇ ಲೆವೆಲ್‌ನಲ್ಲಿ ಒಂದು ಕನ್ನಡಿ ದಾರಿಗೆ ಅಡ್ಡ ನಿಲ್ಲುತ್ತದೆ. ಓಡಿ ಬಂದು ಅದರೊಳಗೇ ಹಾರಬೇಕು. ಹಾರಿದ ಕೂಡಲೇ ನಮ್ಮ ನೆರಳು ಆ ಕಡೆ ಓಡಿಹೋಗುತ್ತದೆ. ಮುಂದೆ ಅದೇ ನೆರಳು ನಮ್ಮ ಔಷಧ ಕುಡಿಯುತ್ತದೆ, ನಮ್ಮ ಮುಂದೆಯೇ ಬಾಗಿಲು ಮುಚ್ಚುತ್ತದೆ. ಕೊನೆಯ ಲೆವೆಲ್‌ನಲ್ಲಿ ಕತ್ತಿ ಹಿಡಿದು ಎದುರು ನಿಂತಾಗ ಅದಕ್ಕೆ ಹೊಡೆದ ಪ್ರತಿ ಏಟೂ ನಮ್ಮ ಜೀವವನ್ನೇ ಕಡಿಮೆ ಮಾಡುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿದರಷ್ಟೇ ಇಬ್ಬರೂ ಒಂದಾಗುತ್ತಾರೆ. ಮೊದಲ ಸಲ ಇದು ಒಂದು ಒಗಟು. ಮತ್ತೆ ಆಡುವಾಗ ಕನ್ನಡಿಗೆ ಹಾರುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ, ಏಕೆಂದರೆ ಆ ಶತ್ರುವನ್ನು ಹುಟ್ಟಿಸುತ್ತಿರುವುದು ನಾನೇ ಅಂತ ಈಗ ಗೊತ್ತಿದೆ. ಬೇರೊಂದು ಪಾತ್ರ ಸೇರಿಸಲು ಮೆಮೊರಿ ಇಲ್ಲದೆ, ರಾಜಕುಮಾರನ ಚಿತ್ರಗಳನ್ನೇ ಮಾರ್ಪಡಿಸಿ ಮೆಕ್ನರ್ ಆ ನೆರಳನ್ನು ಮಾಡಿದ್ದು ಅಂತ ತಿಳಿದ ಮೇಲೆ ನನ್ನ ಗೌರವ ಇನ್ನೂ ಹೆಚ್ಚಾಯಿತು.

ಇತ್ತೀಚಿನದರಲ್ಲಿ ಇದಕ್ಕೆ ಸಮನಾಗಿ ನಿಲ್ಲುವುದು 2018ರ ರೆಡ್ ಡೆಡ್ ರಿಡೆಂಪ್ಷನ್ 2. (ಇನ್ನೂ ಆಡಿಲ್ಲದವರು ಈ ಪ್ಯಾರಾ ಮತ್ತು ಇದರ ಮುಂದಿನದನ್ನು ಬಿಟ್ಟು ಓದಿ.) ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ಎರಡನೇ ಅಧ್ಯಾಯದಲ್ಲಿ, ನಾವು ಆಡಿಸುವ ದರೋಡೆಕೋರ ಆರ್ಥರ್ ಮಾರ್ಗನ್ ಸಾಲ ವಸೂಲಿಗೆ ಹೋಗಿ ಥಾಮಸ್ ಡೌನ್ಸ್ ಎಂಬ ಬಡವನನ್ನು ಹೊಡೆಯುತ್ತಾನೆ. ಡೌನ್ಸ್ ಅವನ ಮುಖಕ್ಕೇ ಕೆಮ್ಮುತ್ತಾನೆ. ಮೊದಲ ಸಲ ಅದು ಹತ್ತರಲ್ಲಿ ಹನ್ನೊಂದನೆಯ ಮಿಷನ್, ಆಡಿ ಮುಂದೆ ಹೋಗುತ್ತೇವೆ. ಎಷ್ಟೋ ಹೊತ್ತಿನ ಮೇಲೆ ಆರ್ಥರ್‌ಗೆ ಕ್ಷಯ ಅಂತ ವೈದ್ಯರು ಹೇಳಿದಾಗಲೇ ಆ ಕೆಮ್ಮು ನೆನಪಾಗುವುದು. ಕ್ಷಯವನ್ನು ಗುಣಪಡಿಸುವ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದು ಕಂಡುಹಿಡಿದದ್ದು 1943ರಲ್ಲಿ. 1899ರಲ್ಲಿ ಆ ರೋಗಕ್ಕೆ ಮದ್ದೇ ಇಲ್ಲ.

ಎರಡನೇ ಸಲ ಆಡುವಾಗ ಭೂಪಟದಲ್ಲಿ ಆ ಮಿಷನ್ನಿನ ಗುರುತು ಕಾಣುತ್ತಿರುತ್ತದೆ, ನಾನು ಆ ಕಡೆ ಹೋಗುವುದಿಲ್ಲ. ಬೇಟೆಯಾಡುತ್ತೇನೆ, ಊರೂರು ಸುತ್ತುತ್ತೇನೆ. ಆದರೆ ಅದನ್ನು ಆಡದೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಕರ್ಣನ ಅಂತ್ಯ ಗೊತ್ತಿದ್ದೂ ಜನ ರಾತ್ರಿಯೆಲ್ಲ ಕೂತು ಯಕ್ಷಗಾನ ನೋಡುತ್ತಾರಲ್ಲ, ಆ ಸಂಕಟ ಇಲ್ಲೂ ಇದೆ. ವ್ಯತ್ಯಾಸ ಒಂದೇ, ಇಲ್ಲಿ ಬಟನ್ ಒತ್ತುವ ಕೈ ನನ್ನದು. ಬೇರೆ ಯಾವ ಕಲೆಯೂ ನನ್ನನ್ನು ಹೀಗೆ ಸಿಕ್ಕಿಸಿಲ್ಲ.

ಎಲ್ಲ ಹೊಸ ಗೇಮ್‌ಗಳೂ ಹೀಗಿಲ್ಲ. ಭೂಪಟದ ತುಂಬ ಗುರುತು ಚೆಲ್ಲಿ, ನೂರು ಗಂಟೆ ಆಡಿಸುವುದನ್ನೇ ಹೆಗ್ಗಳಿಕೆ ಮಾಡಿಕೊಂಡ ಓಪನ್ ವರ್ಲ್ಡ್ ಗೇಮ್‌ಗಳನ್ನು ಎರಡನೇ ಸಲ ಶುರು ಮಾಡಿದರೆ ಮೂರನೇ ದಿನಕ್ಕೆ ಕೈಬಿಡುತ್ತೇನೆ. ಇನ್ನು ಔಟರ್ ವೈಲ್ಡ್ಸ್ (2019) ಬೇರೆಯದೇ ಜಾತಿ. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲ ಮೊದಲಿಗೆ ಬರುವ ಆ ಗೇಮಿನಲ್ಲಿ ನಮಗೆ ಸಿಗುವ ಒಂದೇ ಆಯುಧ ತಿಳಿವಳಿಕೆ. ತಿಳಿದ ಮೇಲೆ ಮರೆಯಲು ಬರುವುದಿಲ್ಲ, ಹಾಗಾಗಿ ಮತ್ತೆ ಆಡಲೂ ಬರುವುದಿಲ್ಲ. ನಾನು ಇಷ್ಟಪಟ್ಟ ಗೇಮ್‌ಗಳಲ್ಲಿ ಇದೊಂದನ್ನು ಬೇರೆಯವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ನೋಡುತ್ತೇನೆ.

ರೀಮೇಕ್ ಬಂದಿದ್ದರೆ ಹಳೆಯದು ಬೇಕಿಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 2005ರ ರೆಸಿಡೆಂಟ್ ಈವಿಲ್ 4ರಲ್ಲಿ ಗುರಿ ಹಿಡಿದಾಗ ನಾಯಕ ಲಿಯಾನ್ ಒಂದು ಹೆಜ್ಜೆಯೂ ಇಡಲಾರ. ನಿಲ್ಲಬೇಕೋ ಓಡಬೇಕೋ ಅನ್ನುವ ಆ ನಿರ್ಧಾರವೇ ಅದರ ಭಯ. 2023ರ ರೀಮೇಕ್‌ನಲ್ಲಿ ನಡೆಯುತ್ತಲೇ ಗುಂಡು ಹಾರಿಸಬಹುದು. ಅದೂ ಬಹಳ ಒಳ್ಳೆಯ ಗೇಮ್, ಆದರೆ ಅದರ ಭಯವೇ ಬೇರೆ. ಎರಡನ್ನೂ ಆಡಿ.

ಒಂದು ವಿಷಯ ನನ್ನನ್ನು ಕಾಡುತ್ತದೆ. 2014ರ ದಿ ಕ್ರೂ ಎಂಬ ಕಾರ್ ರೇಸ್ ಗೇಮಿನ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದರು. ಒಬ್ಬರೇ ಆಡುವ ಭಾಗಕ್ಕೂ ಇಂಟರ್ನೆಟ್ ಸಂಪರ್ಕ ಬೇಕಿದ್ದರಿಂದ, ದುಡ್ಡು ಕೊಟ್ಟು ಕೊಂಡವರಿಗೂ ಅದು ಇಲ್ಲವಾಯಿತು. ಮೂವತ್ತು ವರ್ಷ ಕಳೆದ ಮೇಲೂ ಪ್ರಿನ್ಸ್ ಆಡಬಹುದು, ಹತ್ತು ವರ್ಷದ ಗೇಮ್ ಅವತ್ತು ಆಡಲಾಗದೆ ಹೋಯಿತು. ಆದ್ದರಿಂದ ಈಗ ಏನನ್ನೇ ಕೊಳ್ಳುವ ಮುಂಚೆ ಇಂಟರ್ನೆಟ್ ಇಲ್ಲದೆ ನಡೆಯುತ್ತದೆಯೇ ಅಂತ ನೋಡುತ್ತೇನೆ. ನೀವೂ ನೋಡಿ.

ಶುರು ಮಾಡುವುದಾದರೆ ಹೀಗೆ ಮಾಡಿ. ರೆಡ್ ಡೆಡ್ 2 ಮುಗಿಸಿದ್ದರೆ ಅದನ್ನೇ ತಕ್ಷಣ ಮತ್ತೆ ಆಡಬೇಡಿ. 2010ರ ಮೊದಲ ರೆಡ್ ಡೆಡ್ ರಿಡೆಂಪ್ಷನ್ ಆಡಿ, 2024ರಲ್ಲಿ ಅದು ಪಿಸಿಗೂ ಬಂದಿದೆ. ಅದರ ಕಥೆ ನಡೆಯುವುದು 1911ರಲ್ಲಿ, ಜಾನ್ ಮಾರ್ಸ್ಟನ್ ತನ್ನ ಹಳೆಯ ಗುಂಪಿನವರನ್ನೇ ಬೇಟೆಯಾಡಲು ಹೊರಡುತ್ತಾನೆ. ಆರ್ಥರ್ ಇದ್ದದ್ದೂ ಅದೇ ಗುಂಪಿನಲ್ಲಿ; ಎರಡನೆಯದರಲ್ಲಿ ಅವರ ಜೊತೆ ಒಂದೇ ಬೆಂಕಿಯ ಸುತ್ತ ಕೂತು ಉಂಡವರಿಗೆ ಬಂದೂಕು ಎತ್ತುವುದು ಎಷ್ಟು ಕಷ್ಟ ಅಂತ ಆಡಿಯೇ ತಿಳಿಯಬೇಕು. ಅದಾದ ಮೇಲೆ ಎರಡನೆಯದಕ್ಕೆ ವಾಪಸ್ ಬನ್ನಿ, ಪರದೆಯ ಮೂಲೆಯಲ್ಲಿ ದಾರಿ ತೋರಿಸುವ ಮಿನಿಮ್ಯಾಪ್ ಆಫ್ ಮಾಡಿಕೊಂಡು.