ಹಚ್ಚೆಯ ಕಥೆ ಕೇಳಬಹುದಾ?

ಪ್ರಶ್ನೆ: ಹಾಸನದಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದಿದ್ದೇನೆ. ಮೆಟ್ರೋದಲ್ಲಿ ಎದುರು ಕೂತವರ ಕೈಯಲ್ಲಿ ಹೆಸರು, ತಾರೀಖಿನ ಟ್ಯಾಟೂ ಕಂಡರೆ ಅದರ ಕಥೆ ಕೇಳಬೇಕು ಅನಿಸುತ್ತದೆ. ಕೇಳಬಹುದಾ?
– ಓದುಗ, ಹಾಸನ

ಉತ್ತರ: ಕೇಳಿ. ಆದರೆ ಮೊದಲು ‘ಚೆನ್ನಾಗಿದೆ’ ಅನ್ನಿ, ಅವರಾಗಿ ಮಾತು ಮುಂದುವರಿಸಿದರೆ ಮಾತ್ರ ಕೇಳಿ. ತಾರೀಖಿನ ಹಿಂದೆ ಯಾರದೋ ಸಾವೂ ಇರಬಹುದು, ಅಲ್ವಾ? ನಮ್ಮಜ್ಜಿಯ ಮುಂಗೈಯಲ್ಲಿ ಹಸಿರು ಚುಕ್ಕಿಗಳ ನಡುವೆ ಒಂದು ಚೇಳಿತ್ತು, ಕೊಂಡಿ ಮಸುಕಾಗಿ ನರದ ಜೊತೆ ಸೇರಿಹೋಗಿತ್ತು. ಹಚ್ಚೆಯ ಶಾಯಿ ಚರ್ಮದ ಎರಡನೇ ಪದರದಲ್ಲಿ ಕೂರುತ್ತದೆ, ಅದಕ್ಕೇ ಮೇಲಿನ ಪದರ ಉದುರಿ ಹೊಸದಾಗುತ್ತಿದ್ದರೂ ಅದು ಹೋಗುವುದಿಲ್ಲ. ಅಜ್ಜಿ ಆ ಚೇಳನ್ನು ಸಕಲೇಶಪುರದ ಸಂತೆಯಲ್ಲಿ ಗೆಳತಿಯ ಜೊತೆ ಹಾಕಿಸಿಕೊಂಡಿದ್ದಂತೆ. ಆ ಗೆಳತಿಯ ಹೆಸರನ್ನು ನಾನು ಕೇಳಿದ್ದು ಅಜ್ಜಿಯ ಕೊನೆಯ ವರ್ಷದಲ್ಲಿ. ಅವತ್ತು ಅಜ್ಜಿ ಇಡೀ ಮಧ್ಯಾಹ್ನ ಮಾತಾಡಿದರು.