ಪೂಲ್ ಆಟದ ಕೋಲಾದ ಕ್ಯೂಗೆ ಹೊಸ ಶಾಫ್ಟ್ (ಕೋಲಿನ ಮುಂಭಾಗ) ಆರಿಸುವಾಗ ಏನನ್ನು ಗಮನಿಸಬೇಕು?

ಮೊದಲು ಜೋಡಣೆಯ ತಿರುಪನ್ನು ನೋಡಿ. ಅದರ ಅಳತೆ ಮತ್ತು ಎಳೆಗಳು ನಿಮ್ಮ ಕ್ಯೂವಿನ ಹಿಂಭಾಗಕ್ಕೆ ಹೊಂದದಿದ್ದರೆ ಎಷ್ಟು ದುಬಾರಿ ಶಾಫ್ಟ್ ಆದರೂ ಕೂರುವುದಿಲ್ಲ.

ಬಿಳಿ ಚೆಂಡಿನ ಎಡಬದಿಗೆ ಹೊಡೆದಾಗ ಅದು ಗುರಿಯ ಗೆರೆಯಿಂದ ತುಸು ಬಲಕ್ಕೆ ಸರಿಯುತ್ತದೆ. ಈ ಸರಿಯುವಿಕೆಗೆ ಮುಖ್ಯ ಕಾರಣ ಶಾಫ್ಟಿನ ಮುಂತುದಿಯ ತೂಕ. ಆದ್ದರಿಂದಲೇ ಕಡಿಮೆ ವಿಚಲನೆಯ ಶಾಫ್ಟ್‌ಗಳಲ್ಲಿ ತುದಿಯನ್ನು ಟೊಳ್ಳಾಗಿಸಿ ಅಥವಾ ಸಣ್ಣದಾಗಿಸಿ ಹಗುರಗೊಳಿಸಿರುತ್ತಾರೆ. ಚೆಂಡಿನ ಬದಿಗೆ ಹೊಡೆದು ಅದನ್ನು ತಿರುಗಿಸುವುದನ್ನು ಹೆಚ್ಚು ಬಳಸುವವರಿಗೆ ಇದು ನಿಜಕ್ಕೂ ನೆರವಾಗುತ್ತದೆ, ಆದರೆ ಗುರಿ ಹಿಡಿಯುವ ಅಂದಾಜನ್ನು ಹೊಸದಾಗಿ ರೂಢಿಸಿಕೊಳ್ಳಬೇಕು.

ತುದಿಯ ವ್ಯಾಸ ಸಾಮಾನ್ಯವಾಗಿ 12ರಿಂದ 13 ಮಿ.ಮೀ. ಇರುತ್ತದೆ, ಕಲಿಯುವವರಿಗೆ ನನ್ನ ಆಯ್ಕೆ 13. ಕಾರ್ಬನ್ ಫೈಬರ್ ತೇವಕ್ಕೆ ಡೊಂಕಾಗುವುದಿಲ್ಲ. ಮೇಪಲ್ ಮರದ ಶಾಫ್ಟ್ ಕೊಳ್ಳುವುದಾದರೆ ನಾರು ಉದ್ದಕ್ಕೂ ನೇರವಾಗಿರುವುದನ್ನೇ ಆರಿಸಿ.